ತಲೆ ಎಣಿಸಲು ಹೋದ ಮಧ್ಯಾಹ್ನ

೧೯೬೧ರ ಜನಗಣತಿಯ ಸಮಯ. ಜಯನಗರ ಆಗಿನ್ನೂ ಅರ್ಧ ಕಟ್ಟಿದ ಬಡಾವಣೆ. ಕರಾವಳಿಯ ಒಂದು ಪುಟ್ಟ ಊರಿನ ಕಾನ್ವೆಂಟಿನಲ್ಲಿ ಓದಿದ ನಾನು ಮದುವೆಯಾಗಿ ಅಲ್ಲಿಗೆ ಬಂದಿದ್ದೆ. ನಮ್ಮ ಸಾಲಿನಲ್ಲಿ ತಮಿಳರು, ತೆಲುಗರು, ಧಾರವಾಡದ ಕಡೆಯವರು, ಎಲ್ಲರೂ ಹೊಸಬರೇ. ಗಣತಿಗೆ ಬಂದಿದ್ದ ಮೇಷ್ಟರು ಮನೆಮನೆಯಲ್ಲೂ ಹುಟ್ಟೂರು ಕೇಳಿ ಸಾಕಾಗಿ, "ಇಲ್ಲೇ ಹುಟ್ದೋರು ಒಬ್ರೂ ಇಲ್ವಲ್ಲ ಮೇಡಂ" ಎಂದು ನಕ್ಕಿದ್ದರು.

ಇಲ್ಲೇ ಹುಟ್ಟಿದವರು ಇದ್ದದ್ದು ಬಡಾವಣೆಯ ಆಚೆ, ಯಡಿಯೂರು ಕೆರೆಯ ಪಕ್ಕದ ಹಳ್ಳಿಯಲ್ಲಿ. ಅಲ್ಲಿ ಹಗಲಿನಲ್ಲಿ ಗಂಡಸರು ಹೊಲಕ್ಕೆ ಹೋಗಿರುತ್ತಿದ್ದರು. ಹೆಂಗಸರು ಬಾಗಿಲ ಹಿಂದಿನಿಂದ ಈಚೆ ಬರುತ್ತಿರಲಿಲ್ಲ, ಗಂಡನ ಹೆಸರನ್ನಂತೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಜೊತೆಯಲ್ಲಿ ಒಬ್ಬ ಹೆಣ್ಣುಮಗಳಿದ್ದರೆ ಕೆಲಸ ಸುಲಭವಾಗುತ್ತದೆ ಎಂದು ಮೇಷ್ಟರು ನಮ್ಮವರನ್ನು ಕೇಳಿಕೊಂಡರು. ನಾಲ್ಕು ತಿಂಗಳ ಮಗಳನ್ನು ಅತ್ತೆಯ ಕೈಗೆ ಕೊಟ್ಟು, ಛತ್ರಿ ಹಿಡಿದು ನಾನೂ ಹೊರಟೆ.

ಕೆರೆ ಏರಿಯ ಪಕ್ಕದ ಮನೆಯಲ್ಲಿದ್ದವರು ಅಜ್ಜಿ ಮುನಿಯಮ್ಮ ಮತ್ತು ಅವರ ಸೊಸೆ ಕೆಂಪಮ್ಮ. ಅಜ್ಜಿ ನಮ್ಮನ್ನು ಹೊಸಿಲಲ್ಲೇ ಸ್ವಲ್ಪ ಹೊತ್ತು ನಿಲ್ಲಿಸಿ, ಆಮೇಲೆ ಒಳಗೆ ಕರೆದು ಚಾಪೆ ಹಾಸಿದರು.

"ನಮ್ಮುನ್ನೆಲ್ಲ ಎಣ್ಸಿ ಏನ್ ಮಾಡ್ತೀರಾ ಮೇಷ್ಟ್ರೇ? ದೊಡ್ಡೀಲಿ ಕುರಿ ಕಮ್ಮಿ ಆದ್ವಾ?" ಎಂದರು.

ನಾನು ನಕ್ಕೆ. ಸೊಸೆ ನಗಲಿಲ್ಲ. ಸೆರಗನ್ನು ಎದೆಯ ಮೇಲೆ ಬಿಗಿಯಾಗಿ ಹಿಡಿದುಕೊಂಡು ಕಂಬಕ್ಕೆ ಒರಗಿದ್ದಳು.

ಮೇಷ್ಟರು ಒಂದೊಂದೇ ಪ್ರಶ್ನೆ ಕೇಳತೊಡಗಿದರು. ಮನೆಯ ಯಜಮಾನ ಯಾರು, ವಯಸ್ಸೆಷ್ಟು, ಮನೆಮಾತು ಯಾವುದು. ಮಕ್ಕಳ ಪ್ರಶ್ನೆ ಬಂದಾಗ ಅಜ್ಜಿಯೇ ಮುಂದೆ ಬಿದ್ದು, ಈ ಮನೆಯಲ್ಲಿ ಮಕ್ಕಳಿಲ್ಲ ಎಂದುಬಿಟ್ಟರು.

ಆದರೆ ಮನೆಯಲ್ಲಿ ಸಾಂಬ್ರಾಣಿಯ ವಾಸನೆ ಇತ್ತು. ಹಿತ್ತಲ ಬಾಗಿಲಾಚೆ ಹಗ್ಗದ ಮೇಲೆ ಚೌಕಾಕಾರದ ಸಣ್ಣ ಬಟ್ಟೆ ತುಂಡುಗಳು ಒಣಗುತ್ತಿದ್ದವು. ಕೆಂಪಮ್ಮನ ರವಿಕೆ ಎದೆಯ ಬಳಿ ಒದ್ದೆಯಾಗಿತ್ತು. ಹಾಲೂಡಿಸುವ ನನಗೆ ಅದನ್ನು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಮಗು ಈಚೆಗೆ ತೀರಿಕೊಂಡಿರಬೇಕು, ಪಾಪ, ಕೆದಕಬಾರದು ಎಂದುಕೊಂಡೆ.

ಆಗ ಎಲ್ಲಿಂದಲೋ ಬೆಕ್ಕಿನ ಮರಿಯ ಹಾಗೆ ಕುಂಯ್ ಎಂದು ಕೇಳಿಸಿತು. ಅಜ್ಜಿ ಜೋರಾಗಿ ಕೆಮ್ಮಿ, ಬೆಕ್ಕು ಮರಿ ಹಾಕಿದೆ ಎಂದರು. ಮೇಷ್ಟರು ತಲೆ ಎತ್ತದೆ ಬರೆಯುತ್ತಲೇ ಇದ್ದರು. ಕೆಂಪಮ್ಮನ ಕಣ್ಣು ಮಾತ್ರ ಮೂಲೆಯಲ್ಲಿದ್ದ ರಾಗಿಯ ವಾಡೆಯ ಕಡೆಗೆ ಹೋಗಿ ಬಂತು. ಅದು ಕಾಳು ತುಂಬಿಡುವ, ಸೊಂಟದೆತ್ತರದ ಮಣ್ಣಿನ ವಾಡೆ. ಮೇಲೆ ಮರದ ಮುಚ್ಚಳ, ಮುಚ್ಚಳದ ಮೇಲೆ ಮಡಿಸಿಟ್ಟ ಗೋಣಿಚೀಲ.

ಇನ್ನೊಮ್ಮೆ ಕುಂಯ್ ಎಂದಿತು, ಮೊದಲಿಗಿಂತ ಸಣ್ಣಗೆ. ಆಮೇಲೆ ಏನೂ ಇಲ್ಲ.

ಮೇಷ್ಟರು ಜಮೀನಿನ ವಿಚಾರಕ್ಕೆ ಬಂದಿದ್ದರು. ಅಜ್ಜಿ ಬೇಕೆಂದೇ ಚುಟುಕಾಗಿ ಉತ್ತರ ಕೊಡುತ್ತಿದ್ದರು, ಅವರು ಮತ್ತೆ ಮತ್ತೆ ಕೇಳುತ್ತಿದ್ದರು. ನನ್ನ ಕಿವಿಯೆಲ್ಲ ಮೂಲೆಯಲ್ಲಿತ್ತು. ಕೆಂಪಮ್ಮ ಕಂಬದಿಂದ ಒಂದು ಹೆಜ್ಜೆ ಈಚೆ ಬಂದಳು. ಅಜ್ಜಿ ನೋಡಿದ್ದೇ ತಡ, ನಿಂತುಬಿಟ್ಟಳು. ಅವಳ ತುಟಿ ಬಿಳಿಚಿತ್ತು.

ನಾನು ಎದ್ದೆ. ಹೆಂಗಸರ ವಿಷಯ ಸ್ವಲ್ಪ ಮಾತಾಡಬೇಕು, ಜಗಲಿಯ ಮೇಲೆ ಕೂತಿರಿ ಎಂದು ಮೇಷ್ಟರನ್ನು ಹೊರಗೆ ಕಳಿಸಿ, ನೇರವಾಗಿ ವಾಡೆಯ ಹತ್ತಿರ ಹೋದೆ. ಅಜ್ಜಿ ನನ್ನ ಮಣಿಕಟ್ಟು ಹಿಡಿದುಕೊಂಡರು. ಆ ವಯಸ್ಸಿನಲ್ಲಿ ಅಷ್ಟು ಬಲ ಹೇಗೆ ಬಂತೋ.

"ಮುಟ್ಬ್ಯಾಡ ಕಣಮ್ಮ. ಹಿಂದ್ಲೆರಡು ಕೂಸ ಈ ಕೈಯಾಗೇ ಮಣ್ಣು ಮಾಡಿವ್ನಿ. ಎಣಿಸ್ಬುಟ್ರೆ ಇದೂ ಉಳಿಯಾಕಿಲ್ಲ."

"ಎಣಿಸೋದು ಬೇಡ ಅಜ್ಜಿ. ಉಸಿರಾಡ್ತಿದ್ಯಾ ಅಂತ ನೋಡೋಣ, ಅಷ್ಟೆ."

ಹಿಡಿತ ಸಡಿಲವಾಗುವ ಮೊದಲೇ ಕೆಂಪಮ್ಮ ಬಂದು ಮುಚ್ಚಳ ತಳ್ಳಿದಳು. ಒಳಗೆ ರಾಗಿಯ ಮೇಲೆ, ಅಳು ಕೇಳಿಸದ ಹಾಗೆ ಕಂಬಳಿಯಲ್ಲಿ ಸುತ್ತಿಟ್ಟಿದ್ದ ಗಂಡುಕೂಸು. ಮುಖ ಕಪ್ಪಿಟ್ಟಿತ್ತು, ಕತ್ತು ನಿಲ್ಲುತ್ತಿರಲಿಲ್ಲ, ಮೈಯೆಲ್ಲ ಬೆವರು. ಹಿತ್ತಲ ಬಾಗಿಲ ಗಾಳಿಗೆ ಎತ್ತಿಕೊಂಡು ಓಡಿ ಕಂಬಳಿ ಕಿತ್ತೆಸೆದೆ. ನಾನು ಅಂಗಾಲು ತಿಕ್ಕಿದೆ. ಕೆಂಪಮ್ಮ ಒದ್ದೆ ಸೆರಗಿನಿಂದ ಮುಖ ಒರೆಸುತ್ತ ಕೂಸಿನ ಬಾಯೊಳಗೆ ಊದುತ್ತಿದ್ದಳು. ಕಾನ್ವೆಂಟಿನಲ್ಲಿ ಕಲಿತ ಪ್ರಾರ್ಥನೆಯೊಂದು ನನ್ನ ಬಾಯಿಗೆ ಬಂತು. ಅರ್ಧಕ್ಕೇ ಮರೆತುಹೋಯಿತು. ಅಜ್ಜಿ ನೆಲಕ್ಕೆ ಕುಸಿದು ಕುಳಿತಿದ್ದರು.

ಎಷ್ಟು ಹೊತ್ತಾಯಿತೋ ತಿಳಿಯದು. ಕೂಸು ಒಮ್ಮೆ ಬಿಕ್ಕಿತು. ಕೈ ಮುಷ್ಟಿ ಮಾಡಿತು. ಆಮೇಲೆ ಅತ್ತಿತು ನೋಡಿ, ಜಗಲಿಯಲ್ಲಿದ್ದ ಮೇಷ್ಟರು ಒಳಗೆ ಓಡಿ ಬಂದರು.

"ಮಗು ಇದ್ಯಲ್ಲಮ್ಮ. ಬರೀದೆ ಬಿಡೋ ಹಾಗಿಲ್ಲ ನಾನು."

ಅಜ್ಜಿ ಬೇಡವೆಂದು ಕೈಮುಗಿದರು. ಆಮೇಲೆ ಏನೋ ಹೊಳೆದವರಂತೆ ಎದ್ದು, ಒಂದು ಹಿಡಿ ತೌಡು ತಂದು ನನ್ನ ಕೈಗೆ ಹಾಕಿದರು. ಮಕ್ಕಳು ಉಳಿಯದ ಮನೆಯಲ್ಲಿ ಕೂಸನ್ನು ಬೇರೆಯವರಿಗೆ ತೌಡಿಗೆ ಮಾರುವುದು ಅವರ ಪದ್ಧತಿಯಂತೆ. ಪರರದಾದ ಕೂಸಿಗೆ, ಅದೂ ತೌಡಿನ ಬೆಲೆಯದಕ್ಕೆ, ಯಾರ ಕಣ್ಣೂ ಬೀಳುವುದಿಲ್ಲವಂತೆ. ಆ ತೌಡನ್ನೇ ನಾನು ಕೂಸಿನ ಬೆಲೆಯೆಂದು ಅಜ್ಜಿಗೆ ತಿರುಗಿ ಕೊಟ್ಟೆ. ಅವರು ಮೊರವೊಂದರ ಮೇಲೆ ಮಲಗಿಸಿದ ಕೂಸನ್ನು ಎತ್ತಿಕೊಂಡೆ. ನಾಚಿಕೆಯೂ ಆಗಲಿಲ್ಲ, ನಗುವೂ ಬರಲಿಲ್ಲ.

ಮೇಷ್ಟರು ಪೆನ್ನು ಹಿಡಿದು ನಿಂತೇ ಇದ್ದರು. "ಈಗ ಯಾರ ಮನೇದು ಅಂತ ಬರೀಲಿ ಮೇಡಂ? ನಿಮ್ಮ ಮನೇದು ನಿನ್ನೇನೇ ಮುಗ್ದೋಯ್ತು."

"ಇಲ್ಲೇ ಸಾಕ್ತಾರಂತೆ, ಇಲ್ಲೇ ಬರೀರಿ," ಎಂದೆ. ಅಜ್ಜಿ ಒಂದೇ ಒಂದು ಕೇಳಿದರು, ಬಾಯಿಬಿಟ್ಟು ಲೆಕ್ಕ ಹೇಳಬೇಡಿ ಎಂದು. ಮೇಷ್ಟರು ತುಟಿ ಕದಲಿಸದೆ ಬರೆದುಕೊಂಡರು. ಹೆಸರೇನೆಂದು ಕೇಳಿದ್ದಕ್ಕೆ ಅಜ್ಜಿ, "ತೌಡಪ್ಪ" ಎಂದರು.

ಕೆಂಪಮ್ಮ ಗೋಡೆ ಕಡೆ ತಿರುಗಿ ಹಾಲೂಡಿಸುತ್ತ ಕುಳಿತಳು. ನಾವು ಹೊರಟಾಗ ಅಜ್ಜಿ ಕೆರೆ ಏರಿಯವರೆಗೂ ಹಿಂದೆ ಬಂದರು. ಮೇಷ್ಟರು ಮುಂದೆ ಹೋಗಲೆಂದು ಕಾದು, ಮೆಲ್ಲಗೆ ಕೇಳಿದರು.

"ನಿಜ ಹೇಳವ್ವ. ನಾನೇ ಕೊಂದ್ಬುಡ್ತಿದ್ನಾ?"

ಇಲ್ಲ ಅಜ್ಜಿ ಎಂದೆ. ಅವರು ನಂಬಲಿಲ್ಲ. ನನ್ನ ಮುಖವನ್ನೇ ನೋಡುತ್ತ ನಿಂತಿದ್ದರು.

ಆಗ ನಾನು ಇಲ್ಲ ಎಂದದ್ದು ಸರಿಯೋ ತಪ್ಪೋ, ಈಗಲೂ ತೀರ್ಮಾನಿಸಲು ಆಗಿಲ್ಲ. ಅಷ್ಟು ಆಸೆಯಿಂದ ಕಾಪಾಡಿದವರಿಗೆ ಹೌದು ಎನ್ನಲು ನನಗೆ ಬಾಯಿ ಬರಲಿಲ್ಲ. ಆದರೆ ಯಾರ ಮನೆಗೆ ಹೋದರೂ ಸರಿ, ಮಲಗಿದ ಮಗು ಹೆಚ್ಚು ಹೊತ್ತು ಸದ್ದಿಲ್ಲದೆ ಇದ್ದರೆ ನಾನು ಮಾತು ಅರ್ಧಕ್ಕೆ ಬಿಟ್ಟು ಎದ್ದು ಹೋಗುತ್ತೇನೆ, ಮೂಗಿನ ಬಳಿ ಬೆರಳು ಹಿಡಿದು ನೋಡುತ್ತೇನೆ. ಮಕ್ಕಳ ತಾಯಂದಿರು ಒಬ್ಬರ ಮುಖ ಒಬ್ಬರು ನೋಡಿ ನಗುತ್ತಾರೆ. ನಗಲಿ ಎಂದು ಬಿಡುತ್ತೇನೆ.