ಅಪ್ಪ ಕರೆದರೂ ಓಗೊಡದ ಸಂಜೆ

ನಮ್ಮ ಯಜಮಾನರಿಗೆ ಕೈ ಮುಂದು, ಮಾತು ಹಿಂದು. ನನಗೋ ಬಾಯಿ ಜೋರು. ಮಸಿನಗುಡಿಯ ಕಾಡಿನಲ್ಲಿ ಸಫಾರಿ ಜೀಪು ಓಡಿಸುವ ಮನುಷ್ಯ ಅವರು. ಟೂರಿಸ್ಟರ ಮಕ್ಕಳು ಸೀಟಿನ ಮೇಲೆ ಕುಣಿದರೂ ನಗುನಗುತ್ತಾ ಸಹಿಸಿಕೊಳ್ಳುವವರು, ಮನೆಗೆ ಬಂದರೆ ಎಂಟು ವರ್ಷದ ಮಗಳ ಮೇಲೆ ಲಂಟಾನದ ಕಡ್ಡಿ ಎತ್ತುತ್ತಿದ್ದರು. ಕಾರಣ ಯಾವಾಗಲೂ ಅದೇ, ಹೊತ್ತು ಮುಳುಗುವ ಮುಂಚೆ ಅವಳು ಮನೆ ಸೇರಿರುತ್ತಿರಲಿಲ್ಲ.

ನಾನು ಸುಮ್ಮನಿರುವವಳಲ್ಲ. ಚಿಕ್ಕ ಮಗುವಿನ ಮೇಲೆ ಕೈ ಮಾಡಲು ನಾಚಿಕೆಯಾಗಲ್ವಾ ಎಂದು ಜಗಳಕ್ಕೆ ನಿಲ್ಲುತ್ತಿದ್ದೆ. “ನನ್ನ ಏಟಿಗೆ ಅವಳೇನೂ ಸಾಯಲ್ಲ ಕಣೇ. ಆನೆ ಕೈಗೆ ಸಿಕ್ಕಿದ್ರೆ ಉಳೀತಾಳಾ?” ಎನ್ನುತ್ತಿದ್ದರು. ನಮ್ಮ ಮನೆಯ ಹಿಂದೆಯೇ ಕಾಡು. ಬೇಲಿ ಮುರಿದು ಬಂದ ಆನೆ ಹಿತ್ತಲಿನ ಬಾಳೆ ತಿಂದು ಹೋದದ್ದನ್ನು ಕಿಟಕಿಯಿಂದ ನೋಡಿದವಳು ನಾನೇ. ಅವರ ಭಯ ಸುಳ್ಳಲ್ಲ. ಜಗಳ ಅಲ್ಲಿಗೇ ಬಿಟ್ಟು, ಮಗಳ ಕಾಲಿನ ಬಾಸುಂಡೆಗೆ ಕೊಬ್ಬರಿ ಎಣ್ಣೆ ಸವರುತ್ತಿದ್ದೆ.

ನಮ್ಮ ಬೀದಿಯಲ್ಲಿ ಒಂದು ರೂಢಿಯಿದೆ. ಕತ್ತಲಾಗುತ್ತಾ ಬಂದರೂ ಯಾರಾದರೂ ಮನೆ ಸೇರದಿದ್ದರೆ ಮನೆಯವರು ಹೊರಗೆ ನಿಂತು ಹೆಸರು ಹಿಡಿದು ಕೂಗುತ್ತಾರೆ. ಎಲ್ಲಿದ್ದರೂ “ಓ” ಎನ್ನಬೇಕು. ದನಿ ಬಂದ ದಿಕ್ಕಿಗೆ ಟಾರ್ಚು ಹಿಡಿದು ಹೋಗಿ ಕರೆತರುತ್ತಾರೆ. ಇಲ್ಲಿನ ಮಕ್ಕಳಿಗೆ ಮೊದಲು ಕಲಿಸುವುದೇ ಇದನ್ನು.

ಹೋದ ವರ್ಷ ಒಂದು ಸಂಜೆ, ಹಳ್ಳದ ಹತ್ತಿರ ಕಟ್ಟಿದ್ದ ಕರುವನ್ನು ತರಲು ಮಗಳು ಹೋದಳು. ಸ್ವಲ್ಪ ಹೊತ್ತಿಗೆ ಕರು ಹಗ್ಗ ಎಳೆದುಕೊಂಡು ಒಂಟಿಯಾಗಿ ಬಂತು. ಯಜಮಾನರು ಆಗಷ್ಟೇ ಜೀಪು ನಿಲ್ಲಿಸಿದ್ದರು. ಇಬ್ಬರೂ ಹಳ್ಳದ ಕಡೆ ಓಡಿದೆವು. ಅವರು ಗಂಟಲು ಹರಿಯುವಂತೆ ಅವಳ ಹೆಸರು ಕೂಗಿದರು. ಉತ್ತರವಿಲ್ಲ. ಆಚೆ ದಡದ ಬಿದಿರುಮೆಳೆಯಲ್ಲಿ ಲಟಲಟ ಮುರಿಯುವ ಸದ್ದು. ಆನೆ ಅಲ್ಲೇ ಇತ್ತು. ಕೂಗು ಕೇಳಿ ಬಂದಿದ್ದ ಪಕ್ಕದ ಮನೆಯವರು ಆನೆ ಓಡಿಸುವ ಪಟಾಕಿ ತರಲು ಓಡಿದರು. ಯಜಮಾನರು ಮತ್ತೆ ಮತ್ತೆ ಕೂಗಿದರು, ಕೊನೆಗೆ ದನಿಯೇ ಹೊರಡಲಿಲ್ಲ. ಆಗ ನಾನು ಒಮ್ಮೆ ಕರೆದೆ.

“ಓ” ಎಂದಳು, ನಾವು ನಿಂತಿದ್ದ ಜಾಗದ ಪಕ್ಕದ ಪೊದೆಯೊಳಗಿಂದ.

ಅಷ್ಟು ಹತ್ತಿರವಿದ್ದಳು. ಅವರ ಪ್ರತಿಯೊಂದು ಕೂಗೂ ಅವಳಿಗೆ ಕೇಳಿಸಿತ್ತು. ಎತ್ತಿಕೊಂಡು ಓಡಿಬಂದು ಬಾಗಿಲು ಹಾಕಿದ ಮೇಲೆ, ಅಪ್ಪ ಕರೆದಾಗ ಯಾಕೆ ಓಗೊಡಲಿಲ್ಲ ಎಂದು ನಾನೇ ಕೇಳಿದೆ. ನನ್ನ ಸೆರಗಿನಲ್ಲಿ ಮುಖ ಹುದುಗಿಸಿಕೊಂಡೇ ಹೇಳಿದಳು:

“ಕರು ತಪ್ಪಿಸ್ಕೊಂಡಿತ್ತಲ್ಲಮ್ಮ. ಓ ಅಂದಿದ್ರೆ ನಾನೆಲ್ಲಿದ್ದೀನಿ ಅಂತ ಅಪ್ಪಂಗೆ ಗೊತ್ತಾಗ್ಬಿಡ್ತಿತ್ತು.”

ಯಜಮಾನರು ಆ ರಾತ್ರಿ ಊಟಕ್ಕೂ ಏಳಲಿಲ್ಲ. ಅಂದಿನಿಂದ ಅವಳ ಮೇಲೆ ಕೈ ಎತ್ತಿಲ್ಲ. ಈಗ ಸಂಜೆಯಾದರೆ, ಅವಳು ಕಣ್ಣೆದುರಿಗೆ ಅಂಗಳದಲ್ಲಿ ಆಡುತ್ತಿದ್ದರೂ, ಹೊಸ್ತಿಲಲ್ಲಿ ನಿಂತು ಸುಮ್ಮನೆ ಹೆಸರು ಹಿಡಿದು ಕರೆಯುತ್ತಾರೆ. ಅವಳು ಓ ಅನ್ನುತ್ತಾಳೆ. ಆದರೆ ಅದಕ್ಕೆ ಮುಂಚೆ ಒಂದು ಗಳಿಗೆ ನನ್ನ ಮುಖ ನೋಡುತ್ತಾಳೆ. ಅಷ್ಟು ಹೊತ್ತೂ ಅವರು ಉಸಿರು ಬಿಗಿಹಿಡಿದು ಕಾಯುತ್ತಾರೆ.