ಎರಡು ಸಾಲು ಕೆಂಪುಕಲ್ಲು

ಮೊನ್ನೆ ಪಕ್ಕದ ಓಣಿಯಲ್ಲಿ ಯಾರೋ ಹೊಸ ಗೋಡೆಗೆ ನೀರು ಹೊಡೆಯುತ್ತಿದ್ದರು. ಹಸಿ ಸಿಮೆಂಟಿನ ವಾಸನೆ ಮೂಗಿಗೆ ಬಂತು. ನಮ್ಮ ಗೌಂಡಿಯ ಅಂಗಿಯಿಂದ ಬರುತ್ತಿದ್ದ ವಾಸನೆ ಅದೇ... ಅಲ್ಲಿ ನಿಲ್ಲಲಾಗದೆ ಮನೆಗೆ ಬಂದುಬಿಟ್ಟೆ.

ಎಂಟು ವರ್ಷದ ಹಿಂದಿನ ಮಾತು. ನಾವು ದುಡಿಯಲು ಬಂದ ಕೊರ್ಲಿಮ್‌ನ ಕಾರ್ಖಾನೆಗಳ ಹಿಂದಿರುವ ಬಾಡಿಗೆ ಖೋಲಿಗಳಲ್ಲಿ ಆ ಗೌಂಡಿಯದು ನನ್ನ ಪಕ್ಕದ್ದು. ಕಲ್ಲು ಕಟ್ಟುವ ಕೆಲಸ. ಇಬ್ಬರದೂ ವಿಜಯಪುರದ ಕಡೆಯೆಂದು ನನ್ನನ್ನು ಕಾಕಾ ಎನ್ನುತ್ತಿದ್ದ. ಹಿತ್ತಲಲ್ಲಿ ನಮ್ಮ ಬಚ್ಚಲಿನ ಗೋಡೆ ಕಟ್ಟಿದವನೂ ಅವನೇ. ಭುಜದೆತ್ತರಕ್ಕೆ ಬರುವಷ್ಟರಲ್ಲಿ ಕೆಂಪುಕಲ್ಲು ಮುಗಿದಿದ್ದವು. ಹಾಗೇ ಬಿಟ್ಟಿದ್ದೆವು.

ಶ್ವಾಸಕೋಶದ ಕ್ಯಾನ್ಸರ್ ಎಂದು ಗೊತ್ತಾಗುವ ಹೊತ್ತಿಗೆ ಅವನು ನಾಲ್ಕು ಹೆಜ್ಜೆಗೊಮ್ಮೆ ಕೂಡ್ರುತ್ತಿದ್ದ. ಆಸ್ಪತ್ರೆಯ ನರ್ಸಬಾಯಿ ಔಷಧಿಯಿಲ್ಲದ ಉಪಾಯ ಕೆಲವು ಹೇಳಿಕೊಟ್ಟಿದ್ದರು. ಸ್ಟೂಲಿನ ಮೇಲೆ ದಿಂಬಿಟ್ಟು, ಮೊಳಕೈ ಊರಿ ಮುಂದಕ್ಕೆ ಬಾಗಿ ಕೂಡ್ರಬೇಕು. ಬಿಸಿ ಚಹಾ ಆರಿಸುವಂತೆ ತುಟಿ ಚೂಪು ಮಾಡಿ ನಿಧಾನವಾಗಿ ಉಸಿರು ಬಿಡಬೇಕು. ಮುಖಕ್ಕೆ ತಂಪು ಗಾಳಿ ತಾಗುತ್ತಿರಬೇಕು. ಅವನ ಖೋಲಿಗೆ ಗಾಳಿ ಬರುತ್ತಿದ್ದದ್ದು ಹಿಂದಿನ ಒಂದು ಕಿಟಕಿಯಿಂದ ಮಾತ್ರ. ದಿನವಿಡೀ ಅಲ್ಲೇ ಕಣ್ಣು ಮುಚ್ಚಿ ಕೂಡ್ರುತ್ತಿದ್ದ. ಗಾಬರಿ ಇಳಿಯುತ್ತಿತ್ತು, ತುಸು ಗಂಜಿಯೂ ಹೋಗುತ್ತಿತ್ತು.

ಆ ಕಿಟಕಿಯೆದುರಿಗೇ ನಮ್ಮ ಬಚ್ಚಲು. ನನ್ನ ಸೊಸೆ ಜಳಕ ಮಾಡುತ್ತಿದ್ದದ್ದೂ ಅಲ್ಲೇ.

ಒಂದು ಬೆಳಿಗ್ಗೆ ಚಹಾದ ಗಾಡಿಯ ಹತ್ತಿರ ಒಬ್ಬ ಅಂದ, "ಏನ್ರಿ ಹಿರ್ಯಾರ, ಸೊಸಿ ಜಳಕಕ್ಕ ವಾಚಮನ್ ಇಟ್ಟೀರಂತಲ್ಲ?" ನಿಂತವರೆಲ್ಲ ನಕ್ಕರು. ನಾನು ಸೀದಾ ಬಂದು ಗೌಂಡಿಯ ಕಿಟಕಿಗೆ ಹೊರಗಿನಿಂದ ತಗಡು ಹೊಡೆಯತೊಡಗಿದೆ.

ಸೊಸೆ ಓಡಿ ಬಂದಳು. "ಮಾವಾ, ಅಂವ ಕಣ್ಣ ತೆರದದ್ದು ನಾ ಒಂದಿನಾನೂ ನೋಡಿಲ್ರಿ."

ನಾನು ಸುತ್ತಿಗೆ ನಿಲ್ಲಿಸಲಿಲ್ಲ. ಒಳಗಿನಿಂದ ಗೌಂಡಿಯ ದನಿ ಬಂತು, ನಿಂತು ನಿಂತು. "ಕಾಕಾ... ಬಚ್ಚಲ ಗ್ವಾಡಿ... ಎರಡ ಸಾಲು ಏರಿಸ್ರಿ. ಶಕ್ತಿ ಇದ್ರ... ನಾನ ಏರಸ್ತಿದ್ದೆ. ಗಾಳಿ ಬಿಡ್ರಿ."

"ನೋಡೂಣು" ಅಂದೆ.

ನೋಡಲಿಲ್ಲ. ಎರಡು ಸಾಲು ಕಲ್ಲು ಏರಿಸುವುದು ಅರ್ಧ ದಿನದ ಕೆಲಸ. ತಗಡು ತೆಗೆದರೆ ಗಾಡಿಯ ಹತ್ತಿರ ಮತ್ತೆ ನಗುತ್ತಾರೆಂದು ಸುಮ್ಮನಿದ್ದೆ. ಅವನ ಹೆಂಡತಿ ರಟ್ಟಿನಿಂದ ಗಾಳಿ ಬೀಸುವ ಸಪ್ಪಳ ಗೋಡೆಯಾಚೆಯಿಂದ ಕೇಳುತ್ತಿತ್ತು. ಅವಳ ಕೈ ಸೋತು ಅದು ನಿಂತಾಗ ಅವನ ಉಸಿರಿನ ಎಳೆತ ಕೇಳುತ್ತಿತ್ತು... ಹನ್ನೊಂದು ದಿನ ಕೇಳಿದೆ. ಮರುದಿನ ಮಧ್ಯಾಹ್ನ ಹೋದ.

ಅವನು ಹೇಗೂ ಉಳಿಯುತ್ತಿರಲಿಲ್ಲ ಎಂದು ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಅದು ನಿಜ. ಆದರೆ ಆ ಹನ್ನೊಂದು ದಿನ ಅವನು ಪಟ್ಟದ್ದು ನನ್ನಿಂದ.

ಮಣ್ಣಾದ ಮೇಲೆ ತಗಡು ಕೀಳಲು ಹೋದೆ. ಒಳಗಿನಿಂದ ಅವನ ಹೆಂಡತಿ ಅಂದಳು, "ಇರ್ಲಿ ಬಿಡ್ರಿ ಕಾಕಾ. ಈಗ ಯಾರಿಗೆ ಬೇಕದು."

ಅವಳು ಈಗಲೂ ಅದೇ ಖೋಲಿಯಲ್ಲಿದ್ದಾಳೆ. ಎದುರು ಬಂದಾಗಲೆಲ್ಲ "ಊಟಾತೇನ್ರಿ ಕಾಕಾ?" ಎಂದು ಕೇಳುತ್ತಾಳೆ. ಇವತ್ತಾದರೂ ತಪ್ಪೊಪ್ಪಿಕೊಳ್ಳಬೇಕೆಂದು ಬಾಯಿ ತೆರೆಯುತ್ತೇನೆ. ಊಟವಾಯಿತು ಎಂದು ಹೇಳಿ ಒಳಗೆ ಬರುತ್ತೇನೆ.