ಟ್ರಕ್‌ಗಳನ್ನು ಬಿಡದ ಫಂಕ್ಷನ್

ನಾನು ಟೆಕ್ಸಾಸಿನಲ್ಲಿ, ಆಸ್ಟಿನ್ ಹತ್ತಿರದ ಲಿಯಾಂಡರ್ ಊರಿನ ನನ್ನ ಮನೆಯಿಂದಲೇ ಕೆಲಸ ಮಾಡುತ್ತಿದ್ದೆ. ನಮ್ಮದು ಡಲ್ಲಾಸ್, ಹ್ಯೂಸ್ಟನ್, ಆಸ್ಟಿನ್ ನಡುವೆ ಓಡುವ ಟ್ರಕ್‌ಗಳಿಗೆ ದಾರಿ ಗೊತ್ತುಮಾಡಿಕೊಡುವ ಪ್ರೋಗ್ರಾಂ. ಬೆಳಿಗ್ಗೆ ಚೆನ್ನಾಗಿಯೇ ನಡೆಯುತ್ತಿದ್ದದ್ದು ಮಧ್ಯಾಹ್ನದ ಹೊತ್ತಿಗೆ ಮೆಮೊರಿ ತುಂಬಿ ನಿಂತುಬಿಡುತ್ತಿತ್ತು. ಹ್ಯೂಸ್ಟನ್‌ನಲ್ಲಿ ಟ್ರಕ್‌ಗಳನ್ನು ಕಳಿಸುವ ಕೆಲಸದಲ್ಲಿದ್ದ ಹೆಂಗಸು ದಿನವೂ ಅದನ್ನು ರೀಸ್ಟಾರ್ಟ್ ಮಾಡಿ ನನಗೊಂದು ಮೆಸೇಜ್ ಹಾಕುತ್ತಿದ್ದರು.

ದಾರಿಗಳನ್ನೆಲ್ಲ ಒಂದು ಪಟ್ಟಿಯಲ್ಲಿ ಇಟ್ಟುಕೊಳ್ಳುತ್ತಿದ್ದೆವು. ಕೆಲಸ ಮುಗಿಸಿದ ಟ್ರಕ್‌ಗಳ ದಾಖಲೆಗಳೂ ಅಲ್ಲೇ ಉಳಿಯುತ್ತಿದ್ದವು. ನಾನು ಆ ಪಟ್ಟಿಯಲ್ಲಿ ವೀಕ್ ರೆಫರೆನ್ಸ್ ಬಳಸಿದೆ. ಅಂದರೆ ದಾಖಲೆ ಎಲ್ಲಿದೆ ಎಂದು ಪಟ್ಟಿಗೆ ಗೊತ್ತಿರುತ್ತದೆ, ಆದರೆ ಅದನ್ನು ಹಿಡಿದಿಡುವುದಿಲ್ಲ. ಪ್ರೋಗ್ರಾಮಿನ ಬೇರೆ ಯಾವ ಭಾಗಕ್ಕೂ ಬೇಡವಾದಾಗ ಆ ಜಾಗ ತಾನಾಗಿ ಖಾಲಿಯಾಗುತ್ತದೆ. ಸರಿಹೋಯಿತು ಎಂದು ಮೀಟಿಂಗಿನಲ್ಲಿ ಹೇಳಿದೆ. ಮರುದಿನ ಮಧ್ಯಾಹ್ನ ಮತ್ತೆ ಮೆಸೇಜ್ ಬಂತು.

ನನ್ನದೇ ತಪ್ಪಿರಬಹುದು ಎಂದು ಹೊಳೆಯಲಿಲ್ಲ. ಪ್ರೋಗ್ರಾಮಿನ ಹಳೆಯ ಭಾಗ ಬರೆದವರು ಡಲ್ಲಾಸ್ ಹತ್ತಿರ ಯೂಲೆಸ್‌ನಲ್ಲಿರುವ ನಮ್ಮ ಆಫೀಸಿನಲ್ಲಿದ್ದ ಹುಬ್ಬಳ್ಳಿ ಕಡೆಯ ಹಿರಿಯರು. ಅವರ ಕೋಡಿನಲ್ಲಿ ಲೋಪವಿದೆ ಎಂದು ಇಡೀ ತಂಡಕ್ಕೆ ಮೇಲ್ ಕಳಿಸಿದೆ. ಅವರು ಸಿಟ್ಟಾಗಲಿಲ್ಲ, ಬಂದರೆ ಒಟ್ಟಿಗೆ ಕೂತು ನೋಡೋಣ ಎಂದರು. ಸುಮಾರು ಮೂರು ತಾಸು ಡ್ರೈವ್ ಮಾಡಿಕೊಂಡು ಹೋದೆ.

ಅವರು ನನ್ನ ಸಾಲುಗಳನ್ನೇ ಒಂದೊಂದಾಗಿ ನನ್ನಿಂದ ಓದಿಸಿದರು. ನಾವು ಬಳಸುತ್ತಿದ್ದದ್ದು ಫಂಕ್ಷನಲ್ ಭಾಷೆ. ಅದರಲ್ಲಿ ಫಂಕ್ಷನ್ನನ್ನೂ, ಅಂದರೆ ಒಂದು ಲೆಕ್ಕ ಮಾಡುವ ಕೋಡಿನ ತುಣುಕನ್ನೂ, ಅಂಕಿ, ಅಕ್ಷರಗಳ ಹಾಗೆ ಪಟ್ಟಿಯಲ್ಲಿ ಎತ್ತಿಡಬಹುದು. ಪ್ರತಿ ಟ್ರಕ್‌ನ ಮುಂದೆ, ಅದರ ದಾರಿಯನ್ನು ಬೇಕೆಂದಾಗ ಲೆಕ್ಕ ಹಾಕುವ ಒಂದು ಫಂಕ್ಷನ್ ಇಟ್ಟಿದ್ದೆ. ಅಲ್ಲಿಗೆ ಬಂದಾಗ ಅವರು ನನ್ನನ್ನು ತಡೆದರು.

"ಪಟ್ಟಿ ಟ್ರಕ್ಕನ್ನ ಬಿಟ್ಟೈತ್ರಿ. ಆದ್ರ ನಿಮ್ಮ ಫಂಕ್ಷನ್ ಅದನ್ನ ಒಳಗ ಹಿಡ್ಕೊಂಡು ಕುಂತೈತಿ. ಆ ಫಂಕ್ಷನ್ ಹಿಡ್ಕೊಂಡಿದ್ದು ಯಾವ್ದು? ಅದ ಪಟ್ಟಿ."

ನನಗೆ ಮುಖ ಎತ್ತಲಾಗಲಿಲ್ಲ. "ಸಾರಿ ಸರ್, ಮೇಲ್ ಕಳಿಸೋ ಮೊದ್ಲು ನಿಮ್ಮನ್ನ ಕೇಳ್ಬೇಕಿತ್ತು," ಎಂದೆ.

"ಕೇಳ್ಬೇಕಿತ್ರಿ," ಎಂದರು. ಕೀಬೋರ್ಡನ್ನು ನನ್ನ ಕಡೆ ಸರಿಸಿದರು.

ದಾರಿ ಲೆಕ್ಕ ಹಾಕಲು ಟ್ರಕ್‌ನ ಇಡೀ ದಾಖಲೆ ಬೇಕಿರಲಿಲ್ಲ; ಹೊರಡುವ ಊರು, ತಲುಪುವ ಊರು ಗೊತ್ತಿದ್ದರೆ ಸಾಕಿತ್ತು. ಫಂಕ್ಷನ್‌ಗೆ ಅವೆರಡನ್ನೇ ಕೊಟ್ಟೆ. ಅಂದು ಸಂಜೆಯವರೆಗೂ ಪ್ರೋಗ್ರಾಂ ನಿಲ್ಲಲಿಲ್ಲ.

ಲಿಯಾಂಡರಿಗೆ ಹೊರಡುವ ಮೊದಲು, ತಪ್ಪು ನನ್ನದೆಂದು ತಂಡದವರಿಗೆಲ್ಲ ಬರೆದೆ. ಎರಡೇ ವಾಕ್ಯ, ಆದರೂ ತುಂಬಾ ಹೊತ್ತು ಹಿಡಿಯಿತು. ಮುಂದಿನ ವಾರದಿಂದ ಆ ಹಿರಿಯರು ತಾವು ಹೊಸದಾಗಿ ಬರೆದದ್ದನ್ನು ಮೊದಲು ನನಗೆ ಓದಲು ಕಳಿಸತೊಡಗಿದರು. ಈಗಲೂ ಕಳಿಸುತ್ತಾರೆ.